ಪೋನೋ, ಪಾನೋ? ಆಟದ ಮಾತಿಗೊಂದು ಚದುರಂಗದ ಜಾಡು

ದಾಂಡೇಲಿಗೆ ಮಳೆ ಹಿಡಿಯಿತೆಂದರೆ ಬಯಲಿನ ಆಟಗಳೆಲ್ಲ ಸೂರಿನಡಿಗೆ ಬರುತ್ತವೆ. ಕ್ರಿಕೆಟ್ ಬ್ಯಾಟು ಬಾಗಿಲ ಮೂಲೆ ಸೇರುತ್ತದೆ. ಕಿರಾಣಿ ಅಂಗಡಿಯ ತಗಡಿನ ಚಾವಣಿಯ ಕೆಳಗೆ, ಬೆಂಚಿನ ಒಂದು ತುದಿಯಲ್ಲಿ ಕಾಗದ ಕಾರ್ಖಾನೆಯಿಂದ ನಿವೃತ್ತರಾದ ಇಬ್ಬರು ಚದುರಂಗದ ಹಲಗೆ ಹಾಸಿಕೊಂಡು ಕೂರುತ್ತಾರೆ. ಇನ್ನೊಂದು ತುದಿಯಲ್ಲಿ ನಾಲ್ಕು ಹುಡುಗರು ಮೊಬೈಲು ಅಡ್ಡ ಹಿಡಿದು, ಮೊಣಕೈಗೆ ಮೊಣಕೈ ತಾಗಿಸಿ, ಕಾಣದ ಊರೊಂದರಲ್ಲಿ ಯುದ್ಧ ಹೂಡಿರುತ್ತಾರೆ. ಮೇಲೆ ತಗಡಿಗೆ ಬಡಿಯುವ ಮಳೆ, ಕೆಳಗೆ ಗುಂಡಿನ ಸದ್ದು. "ಲೇ ನೂಬಾ, ರಿವೈವ್ ಕೊಡಲೇ!" "ಝೋನ್ ಬಂತು, ಓಡ್ರೋ!" "ನೀ ಲೂಟ್ ಮಾಡ್ಕೋ, ನಾ ಕವರ್ ಕೊಡ್ತೀನಿ!"

ಈ ಗದ್ದಲಕ್ಕೆ ಬೆಂಗಳೂರಿನಿಂದ ರಜೆಗೆ ಬಂದ ಅಣ್ಣನೊಬ್ಬ ಸೇರಿಕೊಂಡರೆ ಮಾತಿಗೆ ಇನ್ನೊಂದು ರಂಗು. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ತೆತ್ತು ಕೌಂಟರ್ ಸ್ಟ್ರೈಕ್ ಆಡಿ ಬೆಳೆದ ತಲೆಮಾರಿನವನು ಅವನು. ಎದುರಾಳಿಯನ್ನು ಕೆಡವಿದೊಡನೆ ಅವನ ಬಾಯಿಗೆ ಬರುವುದು ಆ ಕಾಲದ ಪದವೇ: "ಅವನ್ನ ಪೋನ್ ಮಾಡ್ದೆ ನೋಡು!"

ಚದುರಂಗದ ಹಲಗೆಯಿಂದ ಅಜ್ಜ ತಲೆ ಎತ್ತುತ್ತಾರೆ. "ಯಾರಿಗೋ ತಮ್ಮಾ ಪೋನ್ ಮಾಡ್ದಿ? ಮಾತಾಡಿದ್ದು ಕೇಳ್ಲೇ ಇಲ್ಲಲ್ಲ!"

ಹುಡುಗರು ನಗುತ್ತಾರೆ. ನಮ್ಮ ಕಡೆ ಫೋನು ಪೋನೇ ಆಗುವುದರಿಂದ ಅಜ್ಜನ ಕಿವಿಯದೇನೂ ತಪ್ಪಿಲ್ಲ. ಇಬ್ಬರ ಮಾತಿಗೂ ನಡುವೆ ಇರುವುದು ಒಂದು ವಿಭಕ್ತಿಯ ಅಂತರ ಅಷ್ಟೆ. 'ಅವನಿಗೆ ಪೋನ್ ಮಾಡಿದೆ' ಅಂದರೆ ಕರೆ ಹೋಯಿತು. 'ಅವನನ್ನು ಪೋನ್ ಮಾಡಿದೆ' ಅಂದರೆ ಅವನ ಕಥೆ ಮುಗಿಯಿತು.

ಈ ಎರಡನೆಯ ಪೋನು ಬಂದದ್ದೆಲ್ಲಿಂದ? ಅದನ್ನು ಅನ್ನಬೇಕಾದ್ದು ಹೇಗೆ? ಅಜ್ಜನ ಹಲಗೆಯ ಮೇಲಿನ ಕಾಲಾಳಿಗೂ ಅದಕ್ಕೂ ನಂಟಿದೆ ಎನ್ನುವವರಿದ್ದಾರೆ, ಅದು ನಿಜವೇ? ಹುಡುಕುತ್ತ ಹೊರಟರೆ ದಾರಿ ಹಳಿಯಾಳದ ಕುಸ್ತಿ ಕಣ, ಜೋಯಿಡಾದ ಕಾಡು, ಮುಂಡಗೋಡದ ಬೌದ್ಧ ವಿಹಾರದ ಅಂಗಳ ಎಲ್ಲವನ್ನೂ ಹಾಯುತ್ತದೆ.

ಬೆರಳು ಜಾರಿ ಹುಟ್ಟಿದ ಪದ

ಕಂಪ್ಯೂಟರಿನ ಕೀಲಿಮಣೆಯನ್ನೊಮ್ಮೆ ನೋಡಿ. ಇಂಗ್ಲಿಷಿನ 'ಓ' ಮತ್ತು 'ಪಿ' ಅಕ್ಷರಗಳು ಮೇಲಿನ ಸಾಲಿನ ಬಲತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಬೆರಳು ಒಂದು ಮನೆ ಆಚೆ ಬಿದ್ದರೆ 'ಓನ್' ಎಂದು ಒತ್ತಬೇಕಾದಲ್ಲಿ ಪಿ-ಡಬ್ಲ್ಯು-ಎನ್ ಮೂಡುತ್ತದೆ.

'ಓನ್' ಅಂದರೆ ಸ್ವಂತ ಮಾಡಿಕೊಳ್ಳುವುದು. 1990ರ ದಶಕದಲ್ಲಿ ಬೇರೆಯವರ ಕಂಪ್ಯೂಟರಿಗೆ ಕನ್ನ ಹಾಕುವ ಹ್ಯಾಕರುಗಳು ಈ ಮಾತು ಬಳಸುತ್ತಿದ್ದರು. ಯಂತ್ರವೊಂದರ ಪೂರ್ತಿ ಹಿಡಿತ ಸಿಕ್ಕಿತೆಂದರೆ ಅದು 'ಓನ್' ಆಯಿತು ಎಂದರ್ಥ. ಅಲ್ಲಿಂದ ಅದು ಕಂಪ್ಯೂಟರ್ ಆಟದವರ ಬಾಯಿಗೆ ಬಂತು. ಎದುರಾಳಿಯನ್ನು ಮೇಲೇಳದ ಹಾಗೆ ಸೋಲಿಸಿದರೆ ಅವನನ್ನು ಸ್ವಂತ ಮಾಡಿಕೊಂಡಂತೆ. ಆಟದ ನಡುವೆ ಬೆರಳು ಓಡಿಸುವಾಗ ಅಕ್ಷರ ತಪ್ಪಿತು. ತಪ್ಪೇ ಚೆನ್ನಾಗಿ ಕಂಡಿತು. ಬೇಕೆಂದೇ ಹಾಗೆ ಬರೆಯತೊಡಗಿದರು.

ಆ ದಿನಗಳಲ್ಲಿ ಅಕ್ಷರ ತಿರುಚುವುದೇ ಒಂದು ಶೋಕಿ. 'ಓ' ಬರೆಯಬೇಕಾದಲ್ಲಿ ಸೊನ್ನೆ, 'ಇ' ಜಾಗದಲ್ಲಿ 3, 'ಎಲ್' ಜಾಗದಲ್ಲಿ 1 ಹಾಕುವ ಗುಪ್ತಲಿಪಿಯೇ ಬೆಳೆದಿತ್ತು. ನಡುವೆ ಎರಡು ಸೊನ್ನೆ ಹೊತ್ತ 'ನೂಬ್' ಹುಟ್ಟಿದ್ದೂ ಈ ಲಿಪಿಯಲ್ಲೇ.

ಹೀಗಾಗಿ ಈ ಪದ ಕಣ್ಣಿಗೆ ಮೊದಲು ಬಂತು, ಬಾಯಿಗೆ ಆಮೇಲೆ. ಸ್ವರವೇ ಇಲ್ಲದ ಅಕ್ಷರಗಳನ್ನು ಓದುವುದು ಹೇಗೆ? ಒಬ್ಬರು 'ಪೋನ್ಡ್' ಅಂದರು, ಇನ್ನೊಬ್ಬರು 'ಪಾನ್ಡ್', ಮತ್ತೊಬ್ಬರು 'ಪವ್ನ್ಡ್'. ಕನ್ನಡದ ಲಿಪಿಯಲ್ಲಿ ಇಂಥ ಪದ ಹುಟ್ಟುವುದೇ ಕಷ್ಟ. ನಮ್ಮಲ್ಲಿ ಬರೆದದ್ದೇ ಉಚ್ಚಾರ. ಇದನ್ನು ಇದ್ದ ಹಾಗೇ ಕನ್ನಡಕ್ಕೆ ಇಳಿಸಿದರೆ 'ಪ್ವ್ನ್' ಎಂಬ ಒತ್ತಕ್ಷರದ ಗಂಟಾಗಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಕೊನೆಗೆ ಹೆಚ್ಚು ಜನ ಒಪ್ಪಿದ್ದು 'ಪೋನ್ಡ್' ಎಂಬುದನ್ನು. ಮೂಲದ 'ಓನ್ಡ್' ಹಿಂದೆ ಒಂದು ಪಕಾರ ಸೇರಿಸಿದರಾಯಿತು. ಕೆನಡಾದ ವ್ಯಾಂಕೋವರಿನಲ್ಲಿ 2007ರಲ್ಲಿ ಶುರುವಾದ ಹ್ಯಾಕಿಂಗ್ ಸ್ಪರ್ಧೆಗೆ 'ಪೋನ್ ಟು ಓನ್' ಎಂದೇ ಹೆಸರಿಟ್ಟರು. ಯಂತ್ರದ ಭದ್ರತೆ ಮುರಿದು ತೋರಿಸಿದವರಿಗೆ ಆ ಯಂತ್ರವೇ ಬಹುಮಾನ. ತಪ್ಪಕ್ಷರ ಮತ್ತು ಸರಿಯಕ್ಷರ ಒಂದೇ ಫಲಕದ ಮೇಲೆ ಅಣ್ಣತಮ್ಮಂದಿರಂತೆ ನಿಂತವು.

ಆಟದ ಈ ಹೀಯಾಳಿಕೆ ಈಗ ಆಡದವರಿಗೂ ಬೇಕಾದ ಪದ. ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ತಾಣದಲ್ಲಿ ನಮ್ಮ ಇಮೇಲ್ ವಿಳಾಸ ಹಾಕಿದರೆ, ಅದು ಯಾವ ಯಾವ ಮಾಹಿತಿ ಸೋರಿಕೆಯಲ್ಲಿ ಹೊರಬಿದ್ದಿದೆ ಎಂದು ತಿಳಿಸುತ್ತದೆ. ಆಟದಲ್ಲಿ ಸೋತರೆ ಮತ್ತೆ ಆಡಬಹುದು. ಇಲ್ಲಿ ಹೆಸರು ಬಂದರೆ ಪಾಸ್‌ವರ್ಡ್ ಬದಲಿಸಬೇಕು.

ಹಲವು ಪಾನು, ಒಬ್ಬ ಪ್ಯೂನು

'ಪಾನ್ಡ್' ಎನ್ನುವವರ ವಾದ ಬೇರೆ. ಚದುರಂಗದ ಕಾಲಾಳಿಗೆ ಇಂಗ್ಲಿಷಿನಲ್ಲಿ 'ಪಾನ್'. ಹಲಗೆಯ ಮೇಲಿನ ಅತಿ ಸಣ್ಣ ಕಾಯಿಯಿಂದ ಹೊಡೆಸಿಕೊಂಡರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೇನು? ಆದ್ದರಿಂದ ಇದು ಚದುರಂಗದ್ದೇ ಪದ ಅನ್ನುತ್ತಾರೆ.

ಕೇಳಲು ಸೊಗಸಾದ ಕಥೆ. ಆದರೆ ಚದುರಂಗದವರು ಸೋಲಿಸುವುದಕ್ಕೆ 'ಪಾನ್ ಮಾಡಿದೆ' ಎಂದು ಹೇಳುವ ರೂಢಿ ಇಲ್ಲ. ಕಾಲಾಳು ಹೊಡೆದರೂ ಹೊಡೆದದ್ದೇ, ಮಂತ್ರಿ ಹೊಡೆದರೂ ಹೊಡೆದದ್ದೇ. ಅತ್ತ 'ಓನ್' ಎಂಬ ಪದ ಅದೇ ಅರ್ಥದಲ್ಲಿ, ಅದೇ ಜನರ ನಡುವೆ, ಅದೇ ಕೀಲಿಮಣೆಯ ಮುಂದೆ ಮೊದಲೇ ಬಳಕೆಯಲ್ಲಿತ್ತು. ಪದ ಹುಟ್ಟಿದ್ದು ಜಾರಿದ ಬೆರಳಿನಿಂದ. ಚದುರಂಗದ ಕಥೆ ಆಮೇಲೆ ತೊಡಿಸಿದ ಅಂಗಿ.

ಪೇಟೆಯಲ್ಲಿ ನಡೆದರೆ ಇನ್ನಷ್ಟು ಪಾನುಗಳು ಸಿಗುತ್ತವೆ. ಬೀಡಾ ಅಂಗಡಿಯ ಪಾನು ನಮ್ಮ ಎಲೆ, ಸಂಸ್ಕೃತದ 'ಪರ್ಣ'ದಿಂದ ಬಂದದ್ದು. 'ಪಾನ್ ಬ್ರೋಕರ್' ಎಂಬ ಬೋರ್ಡಿನ ಪಾನು ಅಡವು, ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಹೋದದ್ದು. ಆಟದಲ್ಲಿ ಸತ್ತವನು ಮರಳಿ ಹುಟ್ಟುವ 'ರೀಸ್ಪಾನ್' ಇದೆಯಲ್ಲ, ಅದರೊಳಗಿನ 'ಸ್ಪಾನ್' ಮೀನು, ಕಪ್ಪೆಗಳು ಮೊಟ್ಟೆಯಿಡುವುದಕ್ಕೆ ಇರುವ ಪದ. ಕಿವಿಗೆ ಎಲ್ಲವೂ ಒಂದೇ ಮನೆಯವರು. ಕುಲ ಕೇಳಿದರೆ ಒಬ್ಬರಿಗೊಬ್ಬರು ಪರಿಚಯವೇ ಇಲ್ಲ.

ಚದುರಂಗದ ಪಾನಿನ ನಿಜವಾದ ನೆಂಟ ಇರುವುದು ಸರ್ಕಾರಿ ಕಚೇರಿಯ ಬಾಗಿಲಲ್ಲಿ. ಲ್ಯಾಟಿನ್ನಿನಲ್ಲಿ ಪಾದ ಎಂಬರ್ಥದ ಪದದಿಂದ ಕಾಲ್ನಡೆಯ ಸೈನಿಕನಿಗೊಂದು ಹೆಸರು ಬಂತು. ಅದು ಫ್ರೆಂಚ್ ದಾರಿಯಲ್ಲಿ ಇಂಗ್ಲಿಷಿಗೆ ಬಂದು 'ಪಾನ್' ಆಯಿತು. ಪೋರ್ಚುಗೀಸರ ದಾರಿಯಲ್ಲಿ ಹಡಗೇರಿ ಭಾರತಕ್ಕೆ ಬಂದು 'ಪ್ಯೂನ್' ಆಯಿತು. ಗೋವೆಯ ಗಡಿಯಲ್ಲಿರುವ ನಮಗೆ ಪೋರ್ಚುಗೀಸ್ ಪದಗಳು ಹೊಸವೇನಲ್ಲ. ಆದರೆ ತಾಲ್ಲೂಕು ಕಚೇರಿಯ ಪ್ಯೂನೂ ಚದುರಂಗದ ಕಾಲಾಳೂ ಒಂದೇ ಪದದ ಮಕ್ಕಳು ಎಂಬುದು ಎಷ್ಟು ಜನಕ್ಕೆ ಗೊತ್ತು?

ಈ ಕುಟುಂಬದ ಬೇರು ನಮ್ಮ ಕಾಲಡಿಗೂ ಬಂದಿದೆ. ಲ್ಯಾಟಿನ್ನಿನ ಆ ಪದ, ಸಂಸ್ಕೃತದ 'ಪಾದ', 'ಪದಾತಿ', ಪಾರಸಿಯ 'ಪಿಯಾದಾ' ಎಲ್ಲವೂ ದೂರದ ದಾಯಾದಿಗಳು. ಹಳಿಯಾಳದ ಮರಾಠಿ ಮನೆಮಾತಿನವರು ಚದುರಂಗಕ್ಕೆ 'ಬುದ್ಧಿಬಳ' ಅನ್ನುತ್ತಾರೆ, ಮಂತ್ರಿಗೆ 'ವಜೀರ', ಕಾಲಾಳಿಗೆ 'ಪ್ಯಾದೆ'. ಕನ್ನಡದ ಮನೆಯಲ್ಲಿ ಅದು 'ಕಾಲಾಳು', ಶಾಲೆಯ ಮಗುವಿನ ಬಾಯಲ್ಲಿ 'ಪಾನ್'. ಯಾರು ಏನೇ ಅಂದರೂ ಅದು ಕಾಲಿನ ಮಾತೇ.

ಹುಡುಗರ 'ನೂಬ್' ಕೂಡ ಒಂದು ಬಗೆಯ ಕಾಲಾಳೇ. ಅದರ ಮೂಲವಾದ 'ನ್ಯೂಬಿ' ಎಂಬ ಪದ ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕನ್ ಸೈನಿಕರಲ್ಲಿ ಬಳಕೆಯಲ್ಲಿತ್ತು. ಹೊಸದಾಗಿ ಬಂದಿಳಿದ, ಇನ್ನೂ ಏನೂ ಕಲಿಯದ ಸಿಪಾಯಿಗೆ ಹಳಬರು ಇಟ್ಟ ಅಡ್ಡಹೆಸರು ಅದು.

ಚೆಕ್‌ಪೋಸ್ಟಿನಲ್ಲಿ ನಿಂತ ರಾಜ

ಹಾಗಾದರೆ ಆಟದ ಮಾತಿಗೂ ಚದುರಂಗಕ್ಕೂ ನಂಟೇ ಇಲ್ಲವೇ? ಬೇಕಾದಷ್ಟಿದೆ, ನಾವು ಹುಡುಕಿದ ಜಾಗದಲ್ಲಿ ಇಲ್ಲ ಅಷ್ಟೆ.

ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯೇ ಚತುರಂಗ. ಏಳನೆಯ ಶತಮಾನದ ಬಾಣಭಟ್ಟನ 'ಹರ್ಷಚರಿತ'ದಲ್ಲಿ ಆಟದ ಪ್ರಸ್ತಾಪವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ಸಾಲಿಗೆ ಚದುರಂಗವನ್ನೂ ಸೇರಿಸಿ ವಿವರಿಸಿದ. ಹತ್ತೊಂಬತ್ತನೆಯ ಶತಮಾನದ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನೇ 64 ಮನೆಗಳಲ್ಲೂ ಒಂದೊಂದು ಸಲ ಓಡಿಸುವ ಒಗಟುಗಳಲ್ಲಿ ಮುಳುಗಿರುತ್ತಿದ್ದರು.

ಆಟ ಪಶ್ಚಿಮಕ್ಕೆ ಹೊರಟಾಗ ಹೆಸರು ಸವೆಯತೊಡಗಿತು. ಪಾರಸಿಗರು 'ಚತ್ರಂಗ್' ಅಂದರು. ಅರಬ್ಬಿಯಲ್ಲಿ ಚಕಾರವೂ ಇಲ್ಲ, ಗಕಾರವೂ ಇಲ್ಲ. ಅಲ್ಲಿ ಅದು 'ಶತ್ರಂಜ್' ಆಯಿತು. ಸ್ಪೇನ್, ಪೋರ್ಚುಗಲ್ ಈ ಅರಬ್ಬಿ ಹೆಸರನ್ನೇ ಇನ್ನಷ್ಟು ತಿರುಚಿ ಇಟ್ಟುಕೊಂಡವು. ಯುರೋಪಿನ ಉಳಿದ ಭಾಷೆಗಳು ಹೆಚ್ಚಾಗಿ ಹಿಡಿದದ್ದು ಆಟದ ಹೆಸರನ್ನಲ್ಲ, ಆಟದಲ್ಲಿ ಕೇಳಿಬಂದ ಕೂಗನ್ನು. ರಾಜನಿಗೆ ಅಪಾಯ ಬಂದಾಗ ಪಾರಸಿಗರು 'ಶಾಹ್!' ಎಂದು ಎಚ್ಚರಿಸುತ್ತಿದ್ದರು. ಅದು ಲ್ಯಾಟಿನ್, ಫ್ರೆಂಚ್ ಬಾಯಿಗಳಲ್ಲಿ ಹೊರಳಿ ಇಂಗ್ಲಿಷಿನ 'ಚೆಸ್' ಆಯಿತು, 'ಚೆಕ್' ಕೂಡ ಆಯಿತು.

ಚೆಕ್ ಅಂದರೆ ತಡೆ. ರಾಜನನ್ನು ತಡೆದದ್ದರಿಂದ ಯಾರನ್ನೇ ತಡೆದರೂ ಚೆಕ್. ತಡೆದು ಪರಿಶೀಲಿಸುವುದೂ ಚೆಕ್. ಚೌಕ ಚೌಕದ ಹಲಗೆಯಿಂದ ಅಂಗಿಯ ಮೇಲೆ ಬಂದದ್ದು ಚೆಕ್ಸ್. ಚೌಕದ ಬಟ್ಟೆ ಹಾಸಿದ ಮೇಜಿನ ಮೇಲೆ ಲೆಕ್ಕ ಮಾಡುತ್ತಿದ್ದ ಇಂಗ್ಲೆಂಡಿನ ಖಜಾನೆಯ ನಂಟಿನಿಂದ ಬ್ಯಾಂಕಿನ ಚೆಕ್ಕಿಗೆ ಅದರ ಇಂಗ್ಲಿಷ್ ಕಾಗುಣಿತ ಸಿಕ್ಕಿತು. ಜೋಯಿಡಾ ತಾಲ್ಲೂಕಿನಿಂದ ಗೋವೆಗೆ ಇಳಿಯುವ ದಾರಿಯಲ್ಲಿ ಅನಮೋಡ ಚೆಕ್‌ಪೋಸ್ಟಿನ ಗೇಟು ಬಿದ್ದಾಗ ಲಾರಿ ಚಾಲಕ ಗೊಣಗುತ್ತ ನಿಲ್ಲುತ್ತಾನೆ. ಅವನ ಎದುರಿನ ಆ ಬೋರ್ಡಿನಲ್ಲಿ ಪಾರಸಿಯ ರಾಜನೊಬ್ಬ ಅಡಗಿ ನಿಂತಿದ್ದಾನೆ.

'ಚೆಕ್‌ಮೇಟ್' ಅಂದರೆ 'ಶಾಹ್ ಮಾತ್'. ಇದನ್ನು 'ರಾಜ ಸತ್ತ' ಎಂದು ಬಿಡಿಸುವವರು ಅರಬ್ಬಿಯ ಅರ್ಥ ಹಿಡಿದವರು. ಪಾರಸಿಯ ಅರ್ಥದಲ್ಲಿ 'ಮಾತ್' ಎಂದರೆ ದಿಕ್ಕುಗೆಟ್ಟವನು, ಕೈಸೋತವನು. ಆಟದ ನಿಯಮಕ್ಕೆ ಹೊಂದುವುದೂ ಇದೇ. ಚದುರಂಗದಲ್ಲಿ ರಾಜನನ್ನು ಯಾರೂ ಕೊಲ್ಲುವುದಿಲ್ಲ, ಓಡಲು ಜಾಗವಿಲ್ಲದ ಹಾಗೆ ಮಾಡಿ ಬಿಡುತ್ತಾರೆ.

ಕಾಯಿಗಳ ಪಾಡೂ ಹೀಗೆಯೇ. ನಾವು ಒಂಟೆ ಅನ್ನುವುದನ್ನು ಅರಬ್ಬರು ಆನೆ ಅಂದರು. ಅದೇ ಹೆಸರು ಸ್ಪೇನಿನಲ್ಲಿ 'ಅಲ್ಫಿಲ್' ಆಗಿ ಉಳಿದಿದೆ. ರಷ್ಯನ್ನರು ಇವತ್ತಿಗೂ ಅದಕ್ಕೆ ಆನೆ ಎಂದೇ ಹೇಳುತ್ತಾರೆ. ಇಂಗ್ಲಿಷರಿಗೆ ಅದು ಪಾದ್ರಿ. ನಮ್ಮಲ್ಲಿ ಆನೆ ಮೂಲೆಗೆ ಹೋಗಿ ನಿಂತಿದೆ. ನಮ್ಮ ಮಂತ್ರಿ ಯುರೋಪಿನಲ್ಲಿ ರಾಣಿಯಾದ. ಹದಿನೈದನೆಯ ಶತಮಾನದ ಕೊನೆಗೆ ಆ ರಾಣಿಗೆ ಹಲಗೆಯುದ್ದಕ್ಕೂ ಓಡುವ ಬಲ ಬಂತು. ಅಜ್ಜ 'ಮಂತ್ರಿ ಹೋತು' ಎಂದು ನಿಟ್ಟುಸಿರಿಟ್ಟರೆ ಮೊಮ್ಮಗಳು 'ಕ್ವೀನ್ ಹೋಯ್ತು' ಅನ್ನುತ್ತಾಳೆ. ಕಳೆದುಹೋದದ್ದು ಒಂದೇ ಕಾಯಿ.

ಇಷ್ಟನ್ನು ನೋಡಿದ ಮೇಲೆ 'ಪೋನ್' ಸರಿಯೋ 'ಪಾನ್' ಸರಿಯೋ ಎಂಬ ಜಗಳ ಸಣ್ಣದಾಗಿ ಕಾಣುತ್ತದೆ. ಚತುರಂಗ ಎಂಬ ಪದವನ್ನು ಸರಿಯಾಗಿ ಉಚ್ಚರಿಸಿದವರು ಯಾರು? ನಾವೂ 'ಚದುರಂಗ' ಅನ್ನುತ್ತೇವಲ್ಲ!

ಹಳಿಯಾಳದ ಕಣದಲ್ಲಿ ಗ್ಯಾಂಬಿಟ್

2020ರ ಅಕ್ಟೋಬರಿನಲ್ಲಿ 'ದ ಕ್ವೀನ್ಸ್ ಗ್ಯಾಂಬಿಟ್' ಎಂಬ ವೆಬ್ ಸರಣಿ ಬಂದು, ಲಾಕ್‌ಡೌನಿನಲ್ಲಿ ಮನೆ ಹಿಡಿದಿದ್ದವರನ್ನೆಲ್ಲ ಚದುರಂಗಕ್ಕೆ ಎಳೆಯಿತು. 'ಗ್ಯಾಂಬಿಟ್' ಎಂಬ ಪದ ಮನೆಮಾತಾಯಿತು. ಅದು ಅಸಲಿಗೆ ಚದುರಂಗದ ಪದವಲ್ಲ, ಕುಸ್ತಿಯದು.

ಇಟಾಲಿಯನ್ನಿನಲ್ಲಿ 'ಗಾಂಬಾ' ಅಂದರೆ ಕಾಲು. ಎದುರಾಳಿಯ ಕಾಲಿಗೆ ಕಾಲು ಕೊಟ್ಟು ಬೀಳಿಸುವುದು 'ಗಾಂಬೆಟ್ಟೊ'. ಸ್ಪೇನಿನ ಪಾದ್ರಿ ರುಯ್ ಲೋಪೆಝ್ 1561ರ ತನ್ನ ಚದುರಂಗದ ಪುಸ್ತಕದಲ್ಲಿ ಈ ಪದವನ್ನು ಹಲಗೆಗೆ ತಂದ.

ಹಳಿಯಾಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಸ್ತಿಗೆ ಹೆಸರಾದ ಊರು, ಪೈಲ್ವಾನರನ್ನು ತಯಾರು ಮಾಡುವ ಕ್ರೀಡಾ ವಸತಿ ನಿಲಯವಿರುವ ಊರು ಅದು. ಕಾಲು ಕೊಡುವವನು ಒಂದು ಗಳಿಗೆ ಒಂಟಿಕಾಲಲ್ಲಿ ನಿಲ್ಲಬೇಕು. ಎದುರಿನವನು ಚುರುಕಾಗಿದ್ದರೆ ಕೊಟ್ಟ ಕಾಲನ್ನೇ ಹಿಡಿದು ಎತ್ತಿ ಒಗೆಯುತ್ತಾನೆ. ಲಾಭ ಬೇಕಾದರೆ ಮೊದಲು ತನ್ನದೇ ಏನನ್ನಾದರೂ ಒಡ್ಡಬೇಕು.

ಕ್ವೀನ್ಸ್ ಗ್ಯಾಂಬಿಟ್ಟಿನಲ್ಲಿ ನಡೆಯುವುದೂ ಅದೇ. ಬಿಳಿ ಕಾಯಿಯವನು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಾನೆ. ಕಪ್ಪಿನವನೂ ಹಾಗೇ ಮಾಡಿ ಎದುರು ನಿಲ್ಲುತ್ತಾನೆ. ಆಗ ಬಿಳಿಯವನು ಪಕ್ಕದ ಒಂಟೆಯ ಮುಂದಿನ ಕಾಲಾಳನ್ನೂ ಎರಡು ಮನೆ ತಂದು ಕಪ್ಪು ಕಾಲಾಳಿನ ಓರೆಗೆ ಒಡ್ಡುತ್ತಾನೆ: ಬೇಕಿದ್ದರೆ ಹೊಡಿ. ಹೊಡೆದರೆ ಒಂದು ಕಾಯಿ ಸಿಗುತ್ತದೆ, ಆದರೆ ಹಲಗೆಯ ನಡುವಿನ ಹಿಡಿತ ಸಡಿಲುತ್ತದೆ. ಕೊಟ್ಟ ಕಾಲು ಕೆಲಸ ಮಾಡಿತು.

ಎಲೋ, ನಿನ್ನ ಎಲೋ ಎಷ್ಟೋ?

ಆನ್‌ಲೈನ್ ಆಟಗಾರರು ತಮ್ಮ ಮಟ್ಟ ಹೇಳಿಕೊಳ್ಳಲು ಬಳಸುವ ಇನ್ನೊಂದು ಪದ 'ಎಲೋ'. ಇಂಗ್ಲಿಷಿನಲ್ಲಿ ಮೂರೂ ಅಕ್ಷರವನ್ನು ದಪ್ಪಗೆ ಬರೆದು, ಇದೇನೋ ಮೂರು ಪದಗಳ ಹ್ರಸ್ವರೂಪವಿರಬೇಕು ಎಂದುಕೊಂಡವರೇ ಹೆಚ್ಚು. ಕೆಲವರು 'ಇ-ಎಲ್-ಓ' ಎಂದು ಬಿಡಿಬಿಡಿಯಾಗಿಯೂ ಓದುತ್ತಾರೆ. ಕನ್ನಡದ ಕಿವಿಗೆ ಅದು ಯಾರನ್ನೋ ಕೂಗಿ ಕರೆದಂತೆ ಕೇಳುತ್ತದೆ.

ಅದು ಒಬ್ಬ ಮನುಷ್ಯನ ಹೆಸರು. ಅರ್ಪಾದ್ ಎಲೋ 1903ರಲ್ಲಿ ಹಂಗೇರಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋಗಿ, ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿದವರು, ಒಳ್ಳೆಯ ಚದುರಂಗ ಆಟಗಾರರು ಕೂಡ. ಹಂಗೇರಿಯನ್ನಿನಲ್ಲಿ ಆ ಹೆಸರಿನ ಮೊದಲ ಸ್ವರ ದೀರ್ಘ, 'ಏಲೋ' ಎಂಬುದಕ್ಕೆ ಹತ್ತಿರ. ಅರ್ಥ, ಜೀವಂತವಾಗಿರುವುದು. ಅವರ ಲೆಕ್ಕಾಚಾರವನ್ನು ಅಮೆರಿಕದ ಚದುರಂಗ ಒಕ್ಕೂಟ 1960ರಲ್ಲಿ, ವಿಶ್ವ ಸಂಸ್ಥೆಯಾದ ಫಿಡೆ 1970ರಲ್ಲಿ ಒಪ್ಪಿಕೊಂಡವು.

ಲೆಕ್ಕದ ತಿರುಳು ಸರಳ. ಯಾರನ್ನು ಸೋಲಿಸಿದೆ ಎಂಬುದರ ಮೇಲೆ ಗೆಲುವಿನ ಬೆಲೆ. 1500 ಅಂಕದ ಇಬ್ಬರು ಆಡಿದರೆ ಗೆಲ್ಲುವ ಅವಕಾಶ ಸಮಸಮ. ಒಂದು ಆಟಕ್ಕೆ ಪಣ 20 ಎಂದು ಹಿಡಿದರೆ ಗೆದ್ದವನಿಗೆ 10 ಕೂಡುತ್ತದೆ, ಸೋತವನಿಗೆ 10 ಕಳೆಯುತ್ತದೆ. ಅದೇ ಹುಡುಗ 1700 ಅಂಕದವನನ್ನು ಎದುರಿಸಿದರೆ ನೂರಕ್ಕೆ ಸುಮಾರು 24ರಷ್ಟು ಅಂಕ ಮಾತ್ರ ಅವನಿಂದ ನಿರೀಕ್ಷೆ. ಗೆದ್ದುಬಿಟ್ಟರೆ 15 ಸಿಗುತ್ತದೆ, ಸೋತರೆ ಹೋಗುವುದು 5 ಮಾತ್ರ. ದೊಡ್ಡವರ ಕೈಲಿ ಸೋತರೆ ನಷ್ಟ ಕಡಿಮೆ, ಸಣ್ಣವರನ್ನು ಸೋಲಿಸಿದರೆ ಲಾಭವೂ ಕಡಿಮೆ. ಊರ ಕುಸ್ತಿಯಲ್ಲಿ ಜೋಡಿ ಕಟ್ಟುವ ಹಿರಿಯರು ಕಣ್ಣಳತೆಯಲ್ಲಿ ಮಾಡುವುದನ್ನೇ ಎಲೋ ಕಾಗದದ ಮೇಲೆ ಮಾಡಿದರು.

ಕಂಪ್ಯೂಟರ್ ಆಟಗಳಿಗೆ ಸರಿಜೋಡಿ ಹುಡುಕುವ ಉಪಾಯ ಬೇಕಾದಾಗ ಈ ಲೆಕ್ಕವೇ ಕೈಗೆ ಸಿಕ್ಕಿತು. ಲೀಗ್ ಆಫ್ ಲೆಜೆಂಡ್ಸ್ ಮೊದಲಿಗೆ ಇದನ್ನೇ ಬಳಸಿತು. ಆಮೇಲೆ ಆಟಗಳು ತಮ್ಮದೇ ಸೂತ್ರಗಳಿಗೆ ಹೋದರೂ ಹೆಸರು ಉಳಿಯಿತು. ಆಟದ ಲೋಕ ಚದುರಂಗದಿಂದ ಪಡೆದ ನಿಜವಾದ ಸಾಲ ಇದು. 'ಪೋನ್' ಚದುರಂಗದ್ದು ಎಂದು ವಾದಿಸುವವರು ಇದನ್ನು ಮಾತ್ರ ಮೂರಕ್ಷರದ ಸಂಕೇತ ಎಂದುಕೊಂಡಿರುತ್ತಾರೆ!

ಕೆಳಮಟ್ಟದವರ ಜೊತೆ ಆಡಲೆಂದು ಬೇರೆ ಹೆಸರಿನ ಖಾತೆ ತೆರೆಯುವುದಕ್ಕೆ 'ಸ್ಮರ್ಫ್' ಅನ್ನುತ್ತಾರೆ. 1996ರ ಸುಮಾರಿಗೆ ವಾರ್‌ಕ್ರಾಫ್ಟ್ 2 ಆಟದ ಇಬ್ಬರು ಗಟ್ಟಿಗರ ಹೆಸರು ಕಂಡರೆ ಸಾಕು, ಎದುರಾಳಿಗಳು ಕಾಲ್ತೆಗೆಯುತ್ತಿದ್ದರು. ಜೊತೆ ಸಿಗದೆ ಅವರಿಬ್ಬರೂ ನೀಲಿ ಬಣ್ಣದ ಸ್ಮರ್ಫ್ ಕಾರ್ಟೂನಿನ ಪಾತ್ರಗಳ ಹೆಸರಿಟ್ಟುಕೊಂಡು ಮರೆಯಲ್ಲಿ ಆಡತೊಡಗಿದರು.

ತವರಿಗೆ ಮರಳಿದವು

ಹುಡುಗರ ಬಾಯಲ್ಲಿ ಇಂಗ್ಲಿಷೇ ತುಂಬಿದೆ ಎಂದು ಬೇಸರ ಪಡುವವರಿಗೆ ಒಂದು ಸಮಾಧಾನವಿದೆ. ಅದರಲ್ಲಿ ಕೆಲವು ನಮ್ಮವೇ ಮಾತುಗಳು, ಪರದೇಶ ಸುತ್ತಿ ಬಂದವು.

'ಲೂಟ್' ಹಿಂದಿಯಿಂದ ಇಂಗ್ಲಿಷಿಗೆ ಹೋದ ಪದ, ನಮ್ಮ ಲೂಟಿಯೇ. ಆಟದಲ್ಲಿ ನಾವು ತೊಡುವ ವೇಷ 'ಅವತಾರ್'. 1985ರ ಅಲ್ಟಿಮಾ ಆಟದ ನಾಲ್ಕನೆಯ ಕಂತು, 1986ರ ಹ್ಯಾಬಿಟ್ಯಾಟ್ ಆಟ ಈ ಪದವನ್ನು ಪರದೆಗೆ ತಂದವು. ವಿಷ್ಣುವಿಗೆ ಹತ್ತು ಅವತಾರವಾದರೆ ಹುಡುಗರಿಗೆ ಲೆಕ್ಕವಿಲ್ಲ. 'ಸ್ನೈಪರ್' ಕೂಡ ಹುಟ್ಟಿದ್ದು ಇಲ್ಲೇ. ಹದಿನೆಂಟನೆಯ ಶತಮಾನದ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಜೌಗಿನಲ್ಲಿ ಅಡಗುವ 'ಸ್ನೈಪ್' ಹಕ್ಕಿಯನ್ನು ಹೊಡೆಯುವ ಶಿಕಾರಿಗೆ ಆ ಹೆಸರಿಟ್ಟರು. ಚಕ್ಕನೆ ಎದ್ದು ಅಂಕುಡೊಂಕಾಗಿ ಹಾರುವ ಹಕ್ಕಿಗೆ ಗುರಿ ಇಡುವುದು ಸುಲಭವಲ್ಲ.

ಜೋಯಿಡಾದವರಿಗೆ ಹಿಡಿಸಬೇಕಾದ ಪದ 'ಜಂಗಲ್'. ಲೀಗ್ ಆಫ್ ಲೆಜೆಂಡ್ಸ್ ಥರದ ಆಟಗಳಲ್ಲಿ ಕಾಡಿನೊಳಗೆ ಓಡಾಡಿಕೊಂಡಿರುವವನು 'ಜಂಗ್ಲರ್'. ಇದರ ಮೂಲ ಸಂಸ್ಕೃತದ 'ಜಾಂಗಲ'. ಮಹಾಭಾರತ ಕೇಳಿದವರಿಗೆ ಕುರುಜಾಂಗಲ ನೆನಪಾಗಬಹುದು. ಆ ಪದಕ್ಕೆ ಮೊದಲಿದ್ದ ಅರ್ಥ ಮಳೆ ಕಡಿಮೆಯಾದ, ಮರ ವಿರಳವಾದ ಒಣ ಬಯಲು! ಅದು ಪಾಳುನೆಲ, ಕುರುಚಲು ಎಂದು ಅರ್ಥ ಬದಲಿಸುತ್ತ ಕೊನೆಗೆ ದಟ್ಟಡವಿಯಾಯಿತು. ಕಾಳಿ ಕಣಿವೆಯಲ್ಲಿ ಆಷಾಢದ ಮಳೆಗೆ ಕೊಡೆ ಹಿಡಿದು ನಿಂತು ಇದು 'ಜಾಂಗಲ' ಅಂದರೆ ಹಳೆಯ ಸಂಸ್ಕೃತ ಪಂಡಿತರು ನಕ್ಕಾರು. ಅದೇ ಕಾಡಿನ ನಡುವೆ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಹುಡುಗರಿಗೆ ಮಾತ್ರ 'ಲ್ಯಾಗ್' ಎಂಬ ಪದಕ್ಕೆ ಯಾವ ನಿಘಂಟೂ ಬೇಡ.

ನಾಲಿಗೆ ಹೊರಳಿಸುವ ಪಾಠ

ಚದುರಂಗದ ಹುಡುಗರೂ ಉಚ್ಚಾರದ ಗೊಂದಲದಿಂದ ಪಾರಾದವರಲ್ಲ. ಒಂಟೆಯನ್ನು ಮಗ್ಗುಲಿನ ಕಿರುಬಾಗಿಲಲ್ಲಿ ಹೂಡುವ ನಡೆಯನ್ನು ಪುಸ್ತಕದಲ್ಲಿ ಓದಿ 'ಫಿಯಾಂಚೆಟೊ' ಅನ್ನುವವರೇ ಬಹಳ. ಇಟಾಲಿಯನ್ನಿನಲ್ಲಿ ಅಲ್ಲಿ ಬರುವುದು ಕಕಾರ: 'ಫ್ಯಾಂಕೆಟ್ಟೊ'. ಯಾವ ಕಾಯಿ ನಡೆಸಿದರೂ ಕೇಡೇ, ನಡೆಸದೆ ಇರುವ ಹಾಗೂ ಇಲ್ಲ ಎಂಬ ಇಕ್ಕಟ್ಟು ಜರ್ಮನ್ನಿನ 'ತ್ಸುಕ್‌ತ್ಸ್ವಾಂಗ್'. ಎರಡು ಮನೆ ಹಾರಿದ ಕಾಲಾಳನ್ನು ದಾರಿಯಲ್ಲೇ ಹೊಡೆದಂತೆ ಹೊಡೆಯುವುದು ಫ್ರೆಂಚಿನ 'ಆನ್ ಪಾಸಾನ್', ಕೊನೆಯ ತಕಾರ ನುಂಗಿಬಿಡಬೇಕು. ವಾಲಿದ ಕಾಯಿ ಸರಿಪಡಿಸುವಾಗ, ಇದು ನಡೆಯಲ್ಲ ಎಂದು ತಿಳಿಸಲು 'ಜಾದೂಬ್' ಅನ್ನುತ್ತಾರೆ. ಅದರಲ್ಲಿ ಜಾದೂ ಏನಿಲ್ಲ, 'ಸರಿ ಮಾಡುತ್ತಿದ್ದೇನೆ' ಎಂಬುದಕ್ಕೆ ಫ್ರೆಂಚ್ ಅಷ್ಟೆ.

ಇಷ್ಟೂ ಭಾಷೆಗಳು ಒಂದೇ ಹಲಗೆಯ ಮೇಲೆ ಕೂತಿರುವಾಗ ಹುಡುಗರ ಮೊಬೈಲಿನಲ್ಲಿ ನಾಲ್ಕು ಕಲಬೆರಕೆ ಮಾತು ಕೇಳಿಬಂದರೆ ಬೆಚ್ಚಬೇಕಿಲ್ಲ. ಈಗಂತೂ ನಡುವಿನ ಗೋಡೆಯೇ ಇಲ್ಲ. 2025ರಲ್ಲಿ ರಿಯಾದಿನ ಇ-ಸ್ಪೋರ್ಟ್ಸ್ ವಿಶ್ವಕಪ್ಪಿಗೆ ಚದುರಂಗವನ್ನೂ ಸೇರಿಸಿದರು. ಗುಂಡು ಹಾರಿಸುವ ಆಟಗಳ ಪಕ್ಕದ ವೇದಿಕೆಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಗೆದ್ದರು.

ಗೆದ್ದ ಮೇಲೆ ಏನನ್ನಬೇಕು?

ಆಟ ಮುಗಿದೊಡನೆ 'ಜಿಜಿ' ಎಂದು ಬರೆಯುವುದು ಆನ್‌ಲೈನ್ ಆಟದ ಮರ್ಯಾದೆ. 'ಗುಡ್ ಗೇಮ್' ಎಂಬುದರ ಮೊದಲಕ್ಷರಗಳವು. ಚದುರಂಗದಲ್ಲಿ ಕೈ ಕುಲುಕುವುದಕ್ಕೆ, ಕುಸ್ತಿಯಲ್ಲಿ ಬಿದ್ದವನ ಬೆನ್ನಿನ ಮಣ್ಣು ಗೆದ್ದವನೇ ಒರೆಸುವುದಕ್ಕೆ ಸಮ. ಅದರ ಹಿಂದೆಯೇ 'ಸುಲಭವಿತ್ತು' ಎಂಬರ್ಥದ 'ಈಝಿ' ಸೇರಿಸಿದರೆ ಮರ್ಯಾದೆ ಮಣ್ಣುಪಾಲು.

ಗೆಲುವಿನ ಕೂಗಿಗೊಂದು ಶಿಸ್ತು ಹೇಗಿರುತ್ತದೆ ಎಂದು ನೋಡಬೇಕಾದರೆ ಮುಂಡಗೋಡಕ್ಕೆ ಹೋಗಬೇಕು. 1966ರಲ್ಲಿ ಆರಂಭವಾದ ಟಿಬೆಟನ್ ವಸಾಹತಿನ ದ್ರೆಪುಂಗ್, ಗಾದೆನ್ ವಿಹಾರಗಳ ಅಂಗಳದಲ್ಲಿ ಭಿಕ್ಷುಗಳು ತರ್ಕದ ವಾದಕ್ಕೆ ಇಳಿಯುತ್ತಾರೆ. ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ, ಪ್ರಶ್ನಿಸುವವನು ನಿಂತಿರುತ್ತಾನೆ. ಪ್ರಶ್ನೆ ಮುಗಿಯುತ್ತಿದ್ದಂತೆ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಎರಡೂ ಅಂಗೈ ಸೇರಿಸಿ ಚಟೀರನೆ ಚಪ್ಪಾಳೆ. ಕೂತವನು ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದರೆ ನಿಂತವನು 'ತ್ಸಾ!' ಎಂದು ಕೂಗಿ, ಬಲಗೈಯ ಹಿಂಬದಿಯನ್ನು ಎಡ ಅಂಗೈಗೆ ಬಡಿಯುತ್ತಾನೆ.

ಶಾಹ್ ಮಾತ್, ಚಿತ್, ಪೋನ್ಡ್, ತ್ಸಾ. ಹಲಗೆ, ಮಣ್ಣು, ಪರದೆ, ಅಂಗಳ. ಇವೆಲ್ಲ ಹೇಳುವುದು ಒಂದನ್ನೇ, ಇನ್ನು ನಿನಗೆ ಹೋಗಲು ಜಾಗವಿಲ್ಲ. ಆದರೆ ಮುಂಡಗೋಡದ ಅಂಗಳದಲ್ಲಿ ಮರುಗಳಿಗೆಯಲ್ಲಿ ಸೋತವನೂ ಗೆದ್ದವನೂ ಸೇರಿಯೇ ನಗುತ್ತಿರುತ್ತಾರೆ. ಸೋತದ್ದು ವಾದ, ಮನುಷ್ಯನಲ್ಲ.

ದಾಂಡೇಲಿಯ ಚಾವಣಿಯ ಕೆಳಗೆ ಮಳೆ ಇನ್ನೂ ಬಿಟ್ಟಿಲ್ಲ. ಅಜ್ಜ ಬಹಳ ಹೊತ್ತು ಯೋಚಿಸಿ ಕುದುರೆ ಎತ್ತಿ ಇಟ್ಟು 'ಶಹ' ಅನ್ನುತ್ತಾರೆ. ಎದುರಿನವರು ರಾಜನ ಸುತ್ತ ಬೆರಳಾಡಿಸಿ, ಯಾವ ಮನೆಯೂ ಖಾಲಿ ಕಾಣದೆ ಕೈ ಹಿಂದಕ್ಕೆ ತೆಗೆಯುತ್ತಾರೆ. ಅಜ್ಜ ಹುಡುಗರತ್ತ ತಿರುಗುತ್ತಾರೆ.

"ನೋಡ್ರೋ, ಇವನ್ನ ಪೋನ್ ಮಾಡ್ದೆ."

ಉಚ್ಚಾರ ಫೋನಿನದೇ. ವಿಭಕ್ತಿ ಮಾತ್ರ ಸರಿಯಾಗಿತ್ತು.